ಅರವತ್ನಾಲ್ಕಿಂಚಿನ ಸೊಂಟ

ಆ ಬೆಳಿಗ್ಗೆ ಮಂಜು ಬೀದಿಯನ್ನು ಪೂರ್ತಿ ನುಂಗಿ ಕೂತಿತ್ತು. ಎದುರು ಮನೆಯ ಬಾಗಿಲಿಗೆ ಬಳಿದ ಹಸಿರು ಬಣ್ಣ ಮಾತ್ರ ಕಾಣುತ್ತಿತ್ತು, ಬಾಗಿಲು ಕಾಣುತ್ತಿರಲಿಲ್ಲ. ಸೈಕಲ್ಲಿನ ಗಂಟೆ ಕೇಳಿಸುತ್ತಿತ್ತು, ಸೈಕಲ್ಲು ಎಲ್ಲಿದೆಯೋ ದೇವರಿಗೇ ಗೊತ್ತು. ತೇವ ಹೊಗದ ಜಾಗವಿರಲಿಲ್ಲ. ಬೆಂಕಿಪೊಟ್ಟಣದೊಳಗೆ ಹೊಕ್ಕಿತ್ತು, ಉಪ್ಪಿನ ಡಬ್ಬಿಯೊಳಗೆ ಹೊಕ್ಕಿತ್ತು, ಮಾವನ ಎಡ ಮೊಣಕಾಲಿನೊಳಗೂ ಹೊಕ್ಕಿತ್ತು.

ಮಾವ ಪುಸ್ತಕ ಕಟ್ಟುವವರು. ನಲವತ್ತು ವರ್ಷದಿಂದ ಅದೇ ಬೀದಿಯಲ್ಲಿ, ಅದೇ ಮನೆಯ ಕೆಳಗಿನ ಕೋಣೆಯಲ್ಲಿ ಕೂತು, ಹರಿದ ಪುಸ್ತಕಗಳ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟಿ ಕೊಡುತ್ತಿದ್ದರು. ಅವತ್ತು ಏಳು ಗಂಟೆಗೇ ಅಂಟಿನ ಬೋಗುಣಿಗೆ ಬೆರಳು ಅದ್ದಿ ನೋಡಿ, "ಇದು ಒಣಗೋದು ಮುಂದಿನ ಜನ್ಮಕ್ಕೆ," ಅಂದರು.

"ನಿಮ್ಮ ಅಂಟಾದ್ರೂ ಮುಂದಿನ ಜನ್ಮಕ್ಕೆ ಒಣಗತ್ತೆ ಭಾವ. ನನ್ನ ಬಟ್ಟೆ ಹಿಂಡಿದ್ರೆ ಒಂದು ಚೊಂಬು ನೀರು ಬರತ್ತೆ," ಎಂದು ಹಲಗೆ ಗೋಡೆಯ ಆಚೆಯಿಂದ ಉತ್ತರ ಬಂತು.

ಆಚೆ ಇದ್ದವರು ದರ್ಜಿ. ಮಾವನ ಹೆಂಡತಿಯ ತಂಗಿ, ಮನೆಯ ಸೊಸೆಗೆ ಚಿಕ್ಕತ್ತೆ. ಒಂದೇ ಉದ್ದನೆಯ ಕೋಣೆಯನ್ನು ಹಲಗೆ ಗೋಡೆಯೊಂದು ಎರಡು ಮಾಡಿತ್ತು. ಅದು ಚಾವಣಿಗೆ ತಾಗುತ್ತಿರಲಿಲ್ಲ. ನಾಲ್ಕು ಕಬ್ಬಿಣದ ಕಾಲಿನ ಮೇಲೆ ನಿಂತು, ಆಳೆತ್ತರಕ್ಕಿಂತ ಒಂದು ಗೇಣು ಮೇಲೆ ಹೋಗಿ ಸಾಕು ಅಂದುಕೊಂಡಿತ್ತು. ಗಾಳಿ, ಬೆಳಕು, ಬೈಗುಳ ಮೂರೂ ಅದರ ತಲೆಯ ಮೇಲಿಂದ ಧಾರಾಳವಾಗಿ ದಾಟುತ್ತಿದ್ದವು. ಅತ್ತೆ, ಅಂದರೆ ಮಾವನ ಹೆಂಡತಿ, ಮಗಳ ಬಾಣಂತನಕ್ಕೆ ಹೋಗಿ ತಿಂಗಳಾಗಿತ್ತು. ಅವರಿದ್ದಿದ್ದರೆ ಭಾವ ನಾದಿನಿಯರ ಜಗಳಕ್ಕೆ ಒಬ್ಬರು ಪಂಚರಾದರೂ ಇರುತ್ತಿದ್ದರು.

ಪಂಚರಿಲ್ಲದ ಆ ಕೋಣೆಗೆ ಸೊಸೆ ಒಂದು ಕಪ್ಪು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ, ನಿದ್ದೆ ಹೋದ ಕೂಸನ್ನು ಎತ್ತಿಕೊಂಡು ಬರುವಂತೆ ತಂದಳು.

"ಚಿಕ್ಕತ್ತೆ, ನಿಮ್ಮ ಕತ್ತರಿಸೋ ಮೇಜು ಮಧ್ಯಾಹ್ನದ ತನಕ ನನಗೆ ಬೇಕು. ಪ್ಲಗ್ಗು ಇರೋ ದೊಡ್ಡ ಮೇಜು ಇದೊಂದೇ."

"ಅರ್ಧ ತಗೋ. ಇನ್ನರ್ಧದಲ್ಲಿ ನನ್ನ ಕೋಟಿದೆ. ಏನೇ ಅದು, ಊಟದ ಡಬ್ಬಿಯಾ?"

"ಕಣ್ಣಾಸ್ಪತ್ರೆಯ ರೌಟರು, ಇಂಟರ್ನೆಟ್ಟಿನ ಪೆಟ್ಟಿಗೆ. ಇವತ್ತು ಅವರಿಗೆ ಬೆಳಗಿನ ಹೊತ್ತು ರಜ. ಮೂರು ಗಂಟೆಗೆ ಬಾಗಿಲು ತೆಗೀತಾರೆ. ಎರಡೂವರೆಗೆ ಮೇಸ್ತ್ರಿ ಬಂದು ತಗೊಂಡು ಹೋಗ್ತಾರೆ."

ಹೀಗೆ ಹೇಳುವಾಗ ಅವಳ ದನಿ ಸ್ವಲ್ಪ ಇಳಿಯಿತು. ಯಾಕೆ ಇಳಿಯಿತೆಂದು ಮನೆಯವರಿಗೆಲ್ಲ ಗೊತ್ತಿತ್ತು.

ಮೇಸ್ತ್ರಿ ಎಂದರೆ ಗಾರೆ ಕೆಲಸದವರಲ್ಲ. ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ಇಂಥ ಪೆಟ್ಟಿಗೆಗಳನ್ನು ಕೂರಿಸಿ ನೋಡಿಕೊಳ್ಳುವವರು. ಅವರ ಕೈಕೆಳಗೆ ಸೊಸೆ ಎರಡು ವರ್ಷ ಚೆನ್ನಾಗಿಯೇ ಕೆಲಸ ಕಲಿತಿದ್ದಳು. ಮೂರು ತಿಂಗಳ ಹಿಂದೆ ಒಂದು ಶಾಲೆಯ ಪೆಟ್ಟಿಗೆಯನ್ನು ಹಿಗ್ಗಿಸಲು ಹೋಗಿ, ಯಂತ್ರ ಕೇಳಿದ ಒಂದು ಪ್ರಶ್ನೆಗೆ ಯೋಚಿಸದೆ ಹೂಂ ಅಂದುಬಿಟ್ಟಳು. ಪೆಟ್ಟಿಗೆ ಮತ್ತೆ ಏಳಲಿಲ್ಲ. ಅಂದಿನಿಂದ ಅವಳ ಪಾಲಿಗೆ ಬಂದದ್ದು ಏಣಿ ಹೊರುವುದು, ಗೋಡೆಗೆ ತೂತು ಕೊರೆಯುವುದು, ತಂತಿ ಎಳೆಯುವುದು. ಅದೂ ಕೆಲಸವೇ, ಕೀಳಲ್ಲ. ಆದರೆ ಓದು ಬಲ್ಲವರ ಕೈಗೆ ಪುಸ್ತಕ ಕೊಡದೆ ಬರೀ ರಟ್ಟು ಹೊರಿಸಿದ ಹಾಗೆ. ಇನ್ನೊಂದು ಅವಕಾಶ ಕೊಡಿ ಎಂದು ಅವಳು ಕೇಳಿ ಕೇಳಿ, ಕೊನೆಗೆ ಮೇಸ್ತ್ರಿ ಕಣ್ಣಾಸ್ಪತ್ರೆಯ ಪೆಟ್ಟಿಗೆ ಕೊಟ್ಟಿದ್ದರು. "ಇದೂ ಕೆಟ್ಟರೆ ಏಣಿ ನಿನ್ನದೇ, ಹೆಸರು ಬರೆಸ್ಕೊಂಡುಬಿಡು," ಎಂದೂ ಹೇಳಿದ್ದರು. ಒಳಗಿರುವುದರ ಒಂದು ಪ್ರತಿ ಮೇಸ್ತ್ರಿಯ ಹತ್ತಿರ ಭದ್ರವಾಗಿತ್ತು. ಹಾಗಾಗಿ ಆಸ್ಪತ್ರೆಗೆ ಅಪಾಯವಿರಲಿಲ್ಲ. ಅಪಾಯವೆಲ್ಲ ಇವಳಿಗೆ. ಆ ಪ್ರತಿ ಕೇಳಲು ಫೋನು ಎತ್ತಿದ ಗಳಿಗೆಯೇ ಏಣಿ ಹೆಗಲೇರುತ್ತಿತ್ತು.

"ಅದಕ್ಕೆ ಏನಾಗಿದೆ ಕಾಯಿಲೆ?" ಎಂದು ಮಾವ ಗೋಡೆಯಾಚೆಯಿಂದ ಕೇಳಿದರು.

"ಕಾಯಿಲೆ ಏನಿಲ್ಲ ಮಾವ, ಜಾಗ ಸಾಲ್ತಿಲ್ಲ. ಆಸ್ಪತ್ರೆಗೆ ಹೊಸ ಯಂತ್ರ ಬಂದಿದೆ, ಅದಕ್ಕೆ ಇದರೊಳಗೆ ಒಂದು ಸಣ್ಣ ಪ್ರೋಗ್ರಾಮು ಹಾಕ್ಬೇಕು. ಹಾಕೋಕೆ ಹೋದ್ರೆ ಜಾಗ ಇಲ್ಲ ಅಂತ ಹೇಳತ್ತೆ. ತಮಾಷೆ ಏನು ಗೊತ್ತಾ, ಡಿಸ್ಕು ಹದಿನಾರು ಸಾವಿರ ಎಂಬಿ ಇದೆ. ಕೂರಿಸಿದವರು ಮೂಲ ಪಾರ್ಟಿಷನ್ನಿಗೆ, ಅಂದ್ರೆ ಸಾಮಾನಿಡೋ ಕೋಣೆಗೆ, ಅಂತ ಕೊಟ್ಟಿದ್ದು ನೂರೇ ನೂರು. ಮಿಕ್ಕಿದ್ದೆಲ್ಲ ಸುಮ್ನೆ ಖಾಲಿ ಬಿದ್ದಿದೆ."

"ಹದಿನಾರು ಸಾವಿರದಲ್ಲಿ ನೂರಾ?" ಚಿಕ್ಕತ್ತೆ ಬಾಯಿಗೆ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದರು. "ಒಂದು ಥಾನು ಬಟ್ಟೆ ಕೊಟ್ಟು ಕರ್ಚೀಫು ಹೊಲಿಸ್ಕೊಂಡ ಹಾಗಾಯ್ತು. ಯಾವನೇ ಅವನು ದರ್ಜಿ?"

"ಹೊಲಿಗೆ ಬಿಚ್ಚಿ ಹಿಗ್ಗಿಸೋದೇ ಇವತ್ತಿನ ಕೆಲಸ. ಅಳತೆಯ ಒಂದು ಪಟ್ಟಿ ಇರತ್ತೆ, ಪಾರ್ಟಿಷನ್ನು ಇಲ್ಲಿಂದ ಶುರು, ಇಲ್ಲಿಗೆ ಕೊನೆ ಅಂತ. ಆ ಗೆರೆ ಅಳಿಸ್ಬೇಕು. ಅಳಿಸಿದ್ರೆ ಒಳಗಿನ ಸಾಮಾನು ಹೋಗಲ್ಲ, ಗೆರೆ ಅಷ್ಟೇ ಹೋಗತ್ತೆ. ಆಮೇಲೆ ಹಳೇ ಶುರುವಿಂದಲೇ ಹೊಸ ಗೆರೆ ಎಳೀಬೇಕು, ಕೊನೆಯನ್ನ ಮಾತ್ರ ದೂರ ತಗೊಂಡು ಹೋಗ್ಬೇಕು. ಕೊನೆ ಎಷ್ಟು ಬೇಕಾದ್ರೂ ಸರಿಸ್ಬಹುದು. ಶುರು ಒಂದು ಕೂದಲೆಳೆ ಸರಿದ್ರೂ ಪೆಟ್ಟಿಗೆಗೆ ತನ್ನ ಮನೆ ಬಾಗಿಲೇ ಸಿಗಲ್ಲ. ಶಾಲೆಯಲ್ಲಿ ನಾನು ಮಾಡಿದ್ದು ಅದನ್ನೇ. ಎಲ್ಲಿಂದ ಶುರು ಮಾಡಲಿ ಅಂತ ಕೇಳ್ತು. ಅದೇ ಒಂದು ಸಂಖ್ಯೆ ತೋರಿಸ್ತು. ಸರಿ ಅಂತ ಒತ್ತಿಬಿಟ್ಟೆ."

"ಪುಸ್ತಕದ ಬೆನ್ನು ಇದ್ದ ಹಾಗೆ," ಎಂದರು ಮಾವ. "ಅಂಚು ಮೂರು ಕಡೆ ಕತ್ತರಿಸು, ಹೊಸ ಹಾಳೆ ಸೇರಿಸು, ರಟ್ಟು ದೊಡ್ಡದು ಮಾಡು. ಬೆನ್ನು ಮಾತ್ರ ಕದಲಬಾರದು. ಶುರು ಎಲ್ಲಿತ್ತೋ ಅಲ್ಲೇ ಇರ್ಬೇಕಮ್ಮ."

ಮಾವ ಇದನ್ನು ಪುಸ್ತಕದ ಬಗ್ಗೆಯೇ ಹೇಳಿದರು. ಆದರೂ ಚಿಕ್ಕತ್ತೆಯ ಕಿವಿ ಯಾಕೋ ಕೆಂಪಾಯಿತು. ಹಲಗೆ ಗೋಡೆಯ ಬುಡದತ್ತ ಒಮ್ಮೆ ಕಣ್ಣು ಹಾಯಿಸಿ, ತಕ್ಷಣ ಮಿಷನ್ನು ಜೋರಾಗಿ ತುಳಿಯತೊಡಗಿದರು.

ಅದಕ್ಕೊಂದು ಹಿನ್ನೆಲೆಯಿತ್ತು. ಮೂರು ವರ್ಷದ ಹಿಂದೆ ಮೊಣಕಾಲು ಊದಿ ಮಾವ ಎರಡು ತಿಂಗಳು ಮಹಡಿಯ ಮೇಲೆಯೇ ಮಲಗಿದ್ದರು. ಆಗ ಚಿಕ್ಕತ್ತೆಗೆ ಒಟ್ಟಿಗೆ ಅರವತ್ತು ಸಮವಸ್ತ್ರ ಹೊಲಿಯುವ ಕೆಲಸ ಬಂತು. ಇನ್ನೊಂದು ಮಿಷನ್ನು ಬಾಡಿಗೆಗೆ ತಂದರು, ಜಾಗ ಸಾಲಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, "ಭಾವಾ, ಗೋಡೆ ಒಂದೂವರೆ ಟೈಲಿನಷ್ಟು ಆ ಕಡೆ ಸರಿಸ್ತೀನಿ, ಸದ್ಯಕ್ಕೆ!" ಎಂದು ಕೂಗಿದರು. ಮೇಲಿನಿಂದ "ಹೂಂ" ಎಂದು ನರಳಿದ ಸದ್ದು ಬಂತು. ಸಮವಸ್ತ್ರ ಹೊಲಿದಾಯಿತು, ಬಾಡಿಗೆಯ ಮಿಷನ್ನು ಹೋಯಿತು, ಮಾವ ಕೆಳಗಿಳಿದು ಬಂದರು. ಸದ್ಯಕ್ಕೆ ಎಂಬ ಮಾತು ಮಾತ್ರ ಹೋಗಲಿಲ್ಲ. ಅದು ಒಂದು ರಾತ್ರಿಗೆಂದು ಬಂದ ನೆಂಟನ ಹಾಗೆ ಚಪ್ಪಲಿ ಬಿಟ್ಟು ಒಳಗೆ ಕೂತುಬಿಟ್ಟಿತು. ಮಾವ ಕೇಳಲಿಲ್ಲ, ಚಿಕ್ಕತ್ತೆ ಹೇಳಲಿಲ್ಲ. ಗೋಡೆಯ ಹಳೆಯ ನಾಲ್ಕು ಕಾಲು ನಿಂತಿದ್ದಲ್ಲಿ ನೆಲದ ಮೇಲೆ ನಾಲ್ಕು ತುಕ್ಕಿನ ಉಂಗುರಗಳು ಉಳಿದಿದ್ದವು. ಅವುಗಳ ಮೇಲೆ ಈಗ ತುಂಡುಬಟ್ಟೆಯ ಚೀಲಗಳು ಕೂತಿದ್ದವು.

ಸೊಸೆ ಪೆಟ್ಟಿಗೆಗೆ ಒಂದು ಹಳೆಯ ಮಾನಿಟರ್ ಪರದೆ ಸಿಕ್ಕಿಸಿದಳು, ಕೀಲಿಮಣೆ ಸಿಕ್ಕಿಸಿದಳು, ಪೆನ್‌ಡ್ರೈವಿನಿಂದ ಬೇರೊಂದು ಲಿನಕ್ಸನ್ನು, ಅಂದರೆ ಯಂತ್ರ ನಡೆಸುವ ಮೂಲ ಪ್ರೋಗ್ರಾಮನ್ನು, ಎಬ್ಬಿಸಿದಳು. ಮನೆ ರಿಪೇರಿ ಮಾಡುವಾಗ ಮನೆಯವರು ಹೊರಗಿರಬೇಕಲ್ಲ, ಹಾಗೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಪಟ್ಟಿ ಬಂತು. ಶುರುವಿನ ಸಂಖ್ಯೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು.

"ಮೂವತ್ತಾರು... ಎಂಟು... ಅರವತ್ನಾಲ್ಕು."

ಇನ್ನೊಮ್ಮೆ ಓದಿದಳು. ಐದು ಅಂಕಿ. ಬರೆದುಕೊಳ್ಳಲು ಸುತ್ತ ನೋಡಿದರೆ ದರ್ಜಿಯ ಮೇಜಿನ ಮೇಲೆ ಕಾಗದ ಎಲ್ಲಿಂದ ಬರಬೇಕು? ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಬಿಳಿ ಚಾಕಿನ ತುಂಡೊಂದು ಸಿಕ್ಕಿತು. ಪಕ್ಕದಲ್ಲಿ ಕಪ್ಪು ಬಟ್ಟೆ ಹರಡಿತ್ತು. ಅದರ ಮೂಲೆಯಲ್ಲಿ ದೊಡ್ಡದಾಗಿ ಬರೆದಳು. ಕರಿ ಹಲಗೆಯ ಮೇಲೆ ಬರೆದಷ್ಟು ಸ್ಪಷ್ಟವಾಗಿ ಕಂಡು ಮನಸ್ಸಿಗೆ ಸಮಾಧಾನವಾಯಿತು.

ಮೇಸ್ತ್ರಿಯದೊಂದು ಪದ್ಧತಿಯಿತ್ತು. 'ಒಂದು ಹೆಜ್ಜೆ, ಒಂದು ಸಹಿ' ಅನ್ನುತ್ತಿದ್ದರು. ಒಂದು ಕೆಲಸ ಮಾಡಿದ ಕೂಡಲೇ ಅದನ್ನು ಡಿಸ್ಕಿಗೆ ಬರೆದು ಮುಗಿಸಬೇಕು, ಆಮೇಲೆ ಮುಂದಿನದು. ಬೇರೆಯವರು ಅಳಿಸುವುದು, ಎಳೆಯುವುದು ಎರಡನ್ನೂ ಮಾಡಿ ಕೊನೆಯಲ್ಲಿ ಒಮ್ಮೆಗೇ ಬರೆಯುತ್ತಾರೆ. ಸಹಿ ಹಾಕದೆ ಎದ್ದುಬಂದರೆ ಏನೂ ಆಗಿರುವುದಿಲ್ಲ. ಆದರೆ ಕಲಿಸಿದವರ ಕೈಯಭ್ಯಾಸ ಕಲಿತವರ ಕೈಗೂ ಬರುತ್ತದೆ. ಸೊಸೆ ಹಳೆಯ ಗೆರೆ ಅಳಿಸಿದಳು, ಸಹಿ ಒತ್ತಿದಳು. ಪರದೆ ಖಾಲಿಯಾಯಿತು. ಎದ್ದು ಮಹಡಿಗೆ ಹೋಗಿ, ಅನ್ನಕ್ಕಿಟ್ಟು ಇಳಿಸಿ, ಒಂದು ಲೋಟ ನೀರು ಕುಡಿದು ಬಂದಳು. ಬಾಯಲ್ಲಿ ಪ್ರಾರ್ಥನೆಯಂಥದ್ದೇನೋ ಇತ್ತು.

ಬಂದು ಕೂತು ಹೊಸ ಗೆರೆ ಎಳೆಯಲು ಹೇಳಿದಾಗ ಯಂತ್ರ ಹಳೆಯ ಪ್ರಶ್ನೆಯನ್ನೇ ಕೇಳಿತು. ಎಲ್ಲಿಂದ ಶುರು? ಪಕ್ಕದಲ್ಲಿ ತನ್ನದೇ ಒಂದು ಸಂಖ್ಯೆಯನ್ನು ವಿನಯವಾಗಿ ತೋರಿಸಿತು.

"ನಿನ್ನ ಸಲಹೆ ಇಟ್ಕೋ," ಎಂದು ನಗುತ್ತಾ ಸೊಸೆ ಬಟ್ಟೆಯ ಮೂಲೆಯತ್ತ ತಿರುಗಿದಳು.

ಬಟ್ಟೆ ಕಪ್ಪಗಿತ್ತು. ಒಂದು ಸುಕ್ಕೂ ಇಲ್ಲದೆ, ಒಂದು ಗೆರೆಯೂ ಇಲ್ಲದೆ, ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಅದರ ಮೇಲಿನಿಂದ ತೆಳ್ಳಗೆ ಆವಿ ಏಳುತ್ತಿತ್ತು.

"ಚಿಕ್ಕತ್ತೆ... ಇಲ್ಲಿ ಒಂದು ಸಂಖ್ಯೆ ಇತ್ತು."

"ಎಲ್ಲಿ? ಕೋಟಿನ ತೋಳಿನ ಮೇಲಾ? ತೇವಕ್ಕೆ ಮುದ್ದೆಯಾಗಿತ್ತು ಕಣೇ, ಇಸ್ತ್ರಿ ಹಾಕ್ದೆ." ಚಿಕ್ಕತ್ತೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟರು. "ಅದು ಮೇಣದ ಚಾಕ್ ಅಲ್ವಾ, ಬಿಸಿ ತಾಗಿದ್ರೆ ಮಾಯ. ಅದಕ್ಕೇ ಅದನ್ನ ಇಟ್ಕೊಂಡಿರೋದು. ಯಾಕೇ, ಮುಖ ಯಾಕೆ ಹಾಗಾಯ್ತು?"

ಸೊಸೆ ಹೇಳಿದಳು. ಸಂಖ್ಯೆ ನೆನಪಿಗೆ ತಂದುಕೊಳ್ಳಲು ನೋಡಿದರೆ ಶಾಲೆಯ ಸಂಖ್ಯೆ, ಮನೆಯ ಬಾಗಿಲ ಸಂಖ್ಯೆ, ಗಂಡ ಓಡಿಸುವ ಬಸ್ಸಿನ ಸಂಖ್ಯೆ ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಬೇಕಾದದ್ದೊಂದು ಮಾತ್ರ ಬರಲಿಲ್ಲ. ಡಿಸ್ಕನ್ನೆಲ್ಲ ಜಾಲಾಡಿ ಕಳೆದ ಗೆರೆ ಹುಡುಕುವ ಉಪಾಯಗಳೂ ಇವೆಯೆಂದು ಅವಳು ಕೇಳಿದ್ದಳು, ಮಾಡಿ ನೋಡಿರಲಿಲ್ಲ. ಗಡಿಯಾರದಲ್ಲಿ ಆಗಲೇ ಹನ್ನೆರಡು ದಾಟಿತ್ತು.

"ಅಯ್ಯೋ ನನ್ನ ಕೈಗಿಷ್ಟು!" ಚಿಕ್ಕತ್ತೆ ತಮ್ಮ ಬಲಗೈಗೆ ತಾವೇ ಒಂದೇಟು ಹಾಕಿಕೊಂಡರು. "ಬಟ್ಟೆ ಕಂಡ್ರೆ ಸಾಕು, ಇಸ್ತ್ರಿ ಹಾಕೋಕೆ ಹೋಗತ್ತೆ. ನಿನ್ನ ಗಂಡ ಸಣ್ಣವನಿದ್ದಾಗ ಮೈಮೇಲಿದ್ದ ಅಂಗಿಗೇ ಹಾಕೋಕೆ ಹೋಗಿದ್ದೆ. ಈಗ ಏನ್ ಮಾಡೋದೇ?"

"ಮೇಸ್ತ್ರಿಗೆ ಫೋನ್ ಮಾಡೋದು. ಇನ್ನೇನಿದೆ," ಎಂದು ಸೊಸೆ ಫೋನು ಕೈಗೆತ್ತಿಕೊಂಡಳು.

ಆಗ ಹಲಗೆ ಗೋಡೆಯ ಆಚೆ ಮಾವ ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ, ಹೇಳಲೋ ಬೇಡವೋ ಎಂಬ ಕೆಮ್ಮು.

"ಅಮ್ಮಾ, ಫೋನು ಸ್ವಲ್ಪ ಕೆಳಗಿಡು. ನೀನು ಗಟ್ಟಿಯಾಗಿ ಓದಿದ್ಯಲ್ಲ, ಅದನ್ನ ನಾನು ಬರೆದಿದ್ದೆ ಅಂತ ಕಾಣತ್ತೆ."

ಕಾಣತ್ತೆ ಎನ್ನಲು ಕಾರಣವಿತ್ತು. ನಲವತ್ತು ವರ್ಷದಲ್ಲಿ ಪುಸ್ತಕ ತಂದವರು ಬಾಗಿಲಲ್ಲೇ ನಿಂತು ಪುಟಗಳ ಲೆಕ್ಕ ಕೂಗುವುದು, ಮಾವ ತಲೆ ಎತ್ತದೆ ಚೂರು ಕಾಗದದ ಮೇಲೆ ಬರೆದುಕೊಳ್ಳುವುದು ನಡೆದುಬಂದಿತ್ತು. ಸಂಖ್ಯೆ ಕಿವಿಗೆ ಬಿದ್ದರೆ ಅವರ ಕೈ ತಾನಾಗಿ ಬರೆಯುತ್ತಿತ್ತು. ಮನಸ್ಸಿಗೆ ಆ ಸುದ್ದಿ ತಲುಪಲೇಬೇಕೆಂದಿರಲಿಲ್ಲ. ರೇಡಿಯೋದಲ್ಲಿ ಬಿಸಿಲಿನ ಅಂಶ ಹೇಳಿದರೂ ಬರೆದಿಡುತ್ತಾರೆಂದು ಅತ್ತೆ ನಗುತ್ತಿದ್ದರು.

"ಎಲ್ಲಿದೆ ಮಾವ ಆ ಚೀಟಿ?" ಸೊಸೆ ಎದ್ದೇಬಿಟ್ಟಳು.

"ಅದೇ ಕಷ್ಟ. ಪುಸ್ತಕದೊಳಗೆ ಹೋಯ್ತು."

ಇಬ್ಬರೂ ಗೋಡೆ ಬಳಸಿಕೊಂಡು ಆಚೆ ಬಂದರು. ಮೇಜಿನ ಮೇಲೆ ಪುಸ್ತಕ ಬಿಗಿದಿಡುವ ಒತ್ತುಹಲಗೆಯ ನಡುವೆ ದಪ್ಪನೆಯ ಪ್ರಾರ್ಥನೆಯ ಪುಸ್ತಕವೊಂದು ಬೆನ್ನು ಮೇಲೆ ಮಾಡಿ ಕೂತಿತ್ತು. ಎರಡು ಬೀದಿ ಆಚೆಯ ಹಿರಿಯರೊಬ್ಬರದು, ಅವರ ಅಜ್ಜನ ಕಾಲದ್ದು. ಸಂಜೆ ಆರಕ್ಕೆ ಕೊಡುತ್ತೇನೆಂದು ಮಾವ ಮಾತು ಕೊಟ್ಟಿದ್ದರು. ಹೊಲಿದ ಬೆನ್ನು ಗಟ್ಟಿಯಾಗಿರಲೆಂದು ಅದರ ಮೇಲೆ ಕಾಗದದ ಪಟ್ಟಿಗಳನ್ನು ಅಂಟಿಸುವುದು ರೂಢಿ. ಕೈಗೆ ಸಿಕ್ಕಿದ ಚೂರುಗಳನ್ನೇ ಅಂಟಿಸುತ್ತಾರೆ. ಆ ಚೂರುಗಳಲ್ಲಿ ಈ ಚೂರೂ ಹೋಗಿತ್ತು. ಅದರ ಮೇಲೆ ಬಟ್ಟೆಯೂ ಏರಿತ್ತು.

"ಬಿಡಿ ಮಾವ," ಎಂದಳು ಸೊಸೆ. ಬೆನ್ನಿನ ಅಂದ ನೋಡಿಯೇ ಅವಳಿಗೆ ಗೊತ್ತಾಗಿತ್ತು. "ಇದನ್ನ ಕಿತ್ತರೆ ನಿಮಗೆ ಮೊದಲಿಂದ ಕೆಲಸ. ಅವರಿಗೆ ಸಂಜೆಗೆ ಅಂತ ಹೇಳಿದ್ದೀರಿ."

"ಮಂಜು ಇದೆಯಲ್ಲಮ್ಮ. ಬೆಳಿಗ್ಗೆಯಿಂದ ಅದನ್ನ ಬೈಕೊಂಡೇ ಕೂತಿದ್ದೀನಿ. ಬಿಸಿಲಿದ್ದಿದ್ರೆ ಇಷ್ಟು ಹೊತ್ತಿಗೆ ಕಲ್ಲಾಗಿರ್ತಿತ್ತು. ಈಗ ಇನ್ನೂ ಹಸಿ." ಮಾವ ಮೂಳೆಯ ಚಮಚದಂಥ ಸಾಧನವನ್ನು ಕೈಗೆತ್ತಿಕೊಂಡರು. "ಪ್ರಾರ್ಥನೆ ಪುಸ್ತಕ ಅಲ್ವಾ, ಬೇಜಾರು ಮಾಡ್ಕೊಳಲ್ಲ. ಕೇಳಿದವರಿಗೆ ಕೊಡೋಕೇ ಇರೋದು ಅದು."

ಬೆನ್ನಿನ ಬಟ್ಟೆಯನ್ನು ಎಳೆಯ ಬಾಳೆಲೆ ಬಿಡಿಸುವಷ್ಟು ಮೆಲ್ಲಗೆ ಬಿಡಿಸುತ್ತಾ ಬಂದರು. ಬಾಗಿ ಬಾಗಿ ಕೆಲಸ ಮಾಡುವಾಗ ಅವರ ಬಲ ಮೊಣಕೈ ಹಲಗೆ ಗೋಡೆಗೆ ಟಕ್ಕೆಂದು ಬಡಿಯಿತು. ಮೈಯನ್ನು ಓರೆ ಮಾಡಿ, ಉಸಿರು ಒಳಗೆಳೆದುಕೊಂಡು, ಎಡಗೈಯಿಂದ ಮುಂದುವರಿಸಿದರು. ಮತ್ತೆ ಬಡಿಯಿತು, ಮತ್ತೆ ಓರೆಯಾದರು. ಹಲಗೆಯ ಆ ಜಾಗದಲ್ಲಿ ಬಣ್ಣ ಹೋಗಿ ಅಂಗೈಯಗಲದ ನುಣುಪು ಬಂದಿತ್ತು.

ಮೂರು ವರ್ಷದಲ್ಲಿ ಚಿಕ್ಕತ್ತೆ ಈ ಕಡೆ ಬಂದು ನಿಂತದ್ದು ಅದೇ ಮೊದಲು. ಮಾತಾಡಲು ಗೋಡೆಯ ಮೇಲಿನ ಸಂದು ಸಾಕಾಗಿತ್ತಲ್ಲ. ಆ ನುಣುಪನ್ನು ಅವರು ನೋಡಿದರು. ಮಾವನ ಕುರ್ಚಿಯ ಒಂದು ಕಾಲು ಒತ್ತುಹಲಗೆಯ ಮೇಜಿನ ಅಡಿಗೆ ತೂರಿಕೊಂಡಿದ್ದನ್ನು ನೋಡಿದರು. ಆ ನುಣುಪಿನ ಮೇಲೆ ಅಂಗೈಯನ್ನು ಒಮ್ಮೆ ಇಟ್ಟು ತೆಗೆದರು.

"ಬಂತು," ಎಂದರು ಮಾವ.

ಅಂಟಿನಿಂದ ತೊಯ್ದ ಬೆರಳಗಲದ ಪಟ್ಟಿ. ಪೆನ್ಸಿಲಿನ ಅಂಕಿಗಳು ನೀರೊಳಗಿನ ಮೀನಿನ ಹಾಗೆ ಮಸುಕಾಗಿದ್ದವು, ಆದರೂ ಇದ್ದವು. ಮೂರು. ಆರು. ಎಂಟು. ಅಲ್ಲಿಗೆ ಕಾಗದವೇ ಮುಗಿದಿತ್ತು.

"ಮುಂದೆ?" ಎಂದಳು ಸೊಸೆ.

ಮಾವ ಪಟ್ಟಿಯನ್ನು ತಿರುಗಿಸಿ ನೋಡಿದರು. "ಬೆನ್ನಿಗಿಂತ ಉದ್ದ ಇತ್ತು ಅಂತ ತುದಿ ಕತ್ತರಿಸಿದೆ." ಕಾಲಡಿಯಲ್ಲಿ ಕಾಗದದ ಸೀಳುಗಳ ಒಂದು ಬೆಟ್ಟವೇ ಬಿದ್ದಿತ್ತು.

"ಐದು ಅಂಕಿ ಅಂತ ಗ್ಯಾರಂಟಿ ನೆನಪಿದೆ ಮಾವ. ಇನ್ನೆರಡು ಬೇಕು." ಸೊಸೆ ನೆಲದ ಮೇಲೆ ಕೂತು ಸೀಳುಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದಳು. ಕಣ್ಣು ತುಂಬಿ ಬಂದಿದ್ದರಿಂದ ಎಲ್ಲ ಸೀಳಿನ ಮೇಲೂ ಅಂಕಿ ಇರುವಂತೆ ಕಾಣುತ್ತಿತ್ತು.

"ಅರವತ್ನಾಲ್ಕು," ಎಂದರು ಚಿಕ್ಕತ್ತೆ.

ಇಬ್ಬರೂ ತಿರುಗಿ ನೋಡಿದರು.

"ಅರವತ್ನಾಲ್ಕು ಕಣೇ! ಮೊದಲು ಏನಂದ್ಯೋ ಮಿಷನ್ನಿನ ಸದ್ದಲ್ಲಿ ಕೇಳಿಸಲಿಲ್ಲ. ಕೊನೇದು ಮಾತ್ರ ಕಿವಿಗೆ ಬಿತ್ತು. ಅರವತ್ನಾಲ್ಕಾ! ಯಾರ ಸೊಂಟವೇ ತಾಯಿ ಇದು, ಟೇಪು ಅರವತ್ತಕ್ಕೇ ಮುಗಿಯತ್ತೆ, ಇನ್ನು ನಾಲ್ಕಿಂಚನ್ನ ಗೋಡೆಯಿಂದ ಅಳೀಬೇಕಾ ಅಂತ ಒಬ್ಬಳೇ ನಕ್ಕೊಂಡೆ. ಅಂಥ ಸೊಂಟ ಯಾರಾದ್ರೂ ಮರೀತಾರಾ?"

ಮಾವ ಮೊದಲು ನಕ್ಕರು. ಅವರು ನಕ್ಕರೆ ಸದ್ದು ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಮೊಣಕೈ ಮತ್ತೊಮ್ಮೆ ಗೋಡೆಗೆ ಬಡಿಯಿತು. ಸೊಸೆ ಅಳುತ್ತಲೇ ನಕ್ಕಳು, ನಗುತ್ತಲೇ ಓಡಿದಳು.

ಯಂತ್ರ ಇನ್ನೂ ಅದೇ ಪ್ರಶ್ನೆ ಹಿಡಿದು, ತೀರ್ಥಕ್ಕೆ ಕೈಯೊಡ್ಡಿದ ಭಕ್ತನಂತೆ ತಾಳ್ಮೆಯಿಂದ ಕಾಯುತ್ತಿತ್ತು. ಎಲ್ಲಿಂದ ಶುರು? ಅದು ತೋರಿಸಿದ ಸಂಖ್ಯೆಯನ್ನು ಬಿಟ್ಟು ಅವಳು ತನ್ನದನ್ನು ಒತ್ತಿದಳು. ಮೂರು, ಆರು, ಎಂಟು, ಆರು, ನಾಲ್ಕು. ಎಲ್ಲಿಗೆ ಕೊನೆ? ಡಿಸ್ಕಿನ ಕೊನೆಗೆ. ಸಹಿ.

ಆಮೇಲೆ ಒಳಗಿನ ಕಡತಗಳೆಲ್ಲ ಇದ್ದಲ್ಲೇ ಇವೆಯೇ ಎಂದು ಪರೀಕ್ಷಿಸಲು ಹೇಳಿದಳು. ಶುರು ತಪ್ಪಿದ್ದರೆ ಇಲ್ಲೇ ಗೊತ್ತಾಗುತ್ತಿತ್ತು. ಇಲ್ಲಿ ಏನೂ ಇಲ್ಲ ಎಂದು ಯಂತ್ರ ಕೈಚೆಲ್ಲುತ್ತಿತ್ತು. ಚಿಕ್ಕತ್ತೆ ಹಿಂದೆ ನಿಂತು ಅವಳ ಭುಜ ಹಿಡಿದಿದ್ದರು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ಅಳತೆ ತೆಗೆಯುತ್ತಿದ್ದಾರೆಯೇ ಎನಿಸಬೇಕು. ಗೋಡೆಯ ಆಚೆ ಮಾವ ಕಣ್ಣು ಮುಚ್ಚಿ ಕೂತಿದ್ದರು. ದೊಡ್ಡ ದೊಡ್ಡ ಬೇಡಿಕೆಗಳಿಗೆ ಮಾತ್ರ ದೇವರನ್ನು ಕರೆಯಬೇಕೆಂಬುದನ್ನು ಅವರು ಯಾವತ್ತೂ ನಂಬಿದವರಲ್ಲ. ಐದಂಕಿಯ ಬೇಡಿಕೆಯೂ ಅವನಿಗೆ ಕೇಳಿಸುತ್ತದೆ ಎಂದು ಅವರಿಗೆ ಗೊತ್ತಿತ್ತು.

ಪರದೆಯ ಮೇಲೆ ಸಾಲುಗಳು ಬಂದವು. ಮೊದಲ ಸುತ್ತು, ಎರಡನೆಯದು, ಮೂರನೆಯದು. ಕೊನೆಗೆ ಕಡತಗಳ ಲೆಕ್ಕ ಕೊಟ್ಟು, ಎಲ್ಲ ಸರಿಯಾಗಿದೆ, 'ಕ್ಲೀನ್' ಎಂದಿತು.

ಕೊನೆಯ ಕೆಲಸ ಒಂದೇ ಸಾಲಿನದು. ಗೆರೆ ದೂರ ಹೋಗಿದೆ, ಮನೆಯವರು ಇನ್ನು ಹೊಸ ಗೋಡೆಯ ತನಕ ಚಾಪೆ ಹಾಸಿಕೊಳ್ಳಬಹುದು ಎಂದು ಒಳಗಿನವರಿಗೆ ಹೇಳುವುದು. ಹೇಳಿದಳು. ಪೆನ್‌ಡ್ರೈವ್ ಕಿತ್ತು ಪೆಟ್ಟಿಗೆಯನ್ನು ಅದರದೇ ಕಾಲ ಮೇಲೆ ಎಬ್ಬಿಸಿದಳು. ದೀಪ ಮಿನುಗಿತು, ಆರಿತು, ಮತ್ತೆ ಮಿನುಗಿತು. ಆಮೇಲೆ ಹಸಿರಾಗಿ ನಿಂತುಬಿಟ್ಟಿತು. ಎಷ್ಟು ಜಾಗ ಇದೆ ಎಂದು ಕೇಳಿದರೆ ಹದಿನಾರು ಸಾವಿರಕ್ಕೆ ಚೂರು ಕಡಿಮೆ ಎಂದಿತು. ಹೊಸ ಪ್ರೋಗ್ರಾಮು ಒಂದು ಮೂಲೆಯಲ್ಲಿ ಕೂತುಕೊಂಡಿತು.

"ಅಂತೂ ಕರ್ಚೀಫು ಕೋಟಾಯ್ತು," ಎಂದರು ಚಿಕ್ಕತ್ತೆ. ಆಮೇಲೆ ಮೂಗು ಒರೆಸಿಕೊಳ್ಳಲು ಆ ಕಪ್ಪು ತೋಳನ್ನೇ ಎತ್ತಿ, ಛೇ ಎಂದು ಮತ್ತೆ ಇಸ್ತ್ರಿ ಹಾಕಿದರು.

ಎರಡೂವರೆಗೆ ಸರಿಯಾಗಿ ಮೇಸ್ತ್ರಿ ಬಂದರು. ಮಂಜು ಕರಗಿ ಎದುರು ಮನೆಯ ಹಸಿರಿಗೆ ಬಾಗಿಲು ಮರಳಿ ಬಂದಿತ್ತು. ಅವರು ನಿಂತೇ ಪೆಟ್ಟಿಗೆಯನ್ನು ಎರಡು ಸಲ ಆರಿಸಿ ಎಬ್ಬಿಸಿ ನೋಡಿದರು. ತಪ್ಪು ಹುಡುಕದೆ ಚೀಲಕ್ಕೆ ಇಳಿಸಿದರು. ಅದು ಒಳ್ಳೆಯ ಲಕ್ಷಣ.

"ಮೇಸ್ತ್ರಿ, ಒಂದು ವಿಷಯ," ಎಂದಳು ಸೊಸೆ. ಮುಚ್ಚಿಟ್ಟುಕೊಂಡು ಗೆಲ್ಲಲು ಅವಳಿಗೆ ಮನಸ್ಸಿರಲಿಲ್ಲ. "ಅಳಿಸಿ ಸಹಿ ಹಾಕಿದ ಮೇಲೆ ಶುರುವಿನ ಸಂಖ್ಯೆ ಕಳ್ಕೊಂಡಿದ್ದೆ. ಚಿಕ್ಕತ್ತೆ ಇಸ್ತ್ರಿ ಹಾಕಿದ್ರು, ಮಾವ ಪುಸ್ತಕಕ್ಕೆ ಅಂಟಿಸಿದ್ರು."

ಮೇಸ್ತ್ರಿಗೆ ಏನೊಂದೂ ಅರ್ಥವಾಗಲಿಲ್ಲ. ಮೂವರೂ ಒಟ್ಟಿಗೆ ಬಿಡಿಸಿ ಹೇಳಿದ ಮೇಲೆ ತಲೆ ಕೆರೆದುಕೊಂಡರು. "ಶಾಲೆಯದನ್ನ ನೀನು ಯಂತ್ರ ಹೇಳಿದ್ದು ಕೇಳಿ ಕೆಡಿಸಿದೆ. ಇದನ್ನ ಮನೆಯವರು ಹೇಳಿದ್ದು ಕೇಳಿ ಉಳಿಸಿದೆ. ಪರವಾಗಿಲ್ಲ, ಬುದ್ಧಿ ಬಂದಿದೆ. ನನ್ನ ಒಂದು ಹೆಜ್ಜೆ ಒಂದು ಸಹಿಯಲ್ಲೂ ಒಂದು ತೂತಿದೆ ಅಂತ ಕಾಣತ್ತೆ." ಬಾಗಿಲ ತನಕ ಹೋಗಿ ತಿರುಗಿದರು. "ನಾಳೆ ಅಂಚೆ ಕಚೇರಿಯ ಪೆಟ್ಟಿಗೆ ಇದೆ. ಎಂಟಕ್ಕೆ ಬಾ. ಏಣಿ ನಾನು ಹೊತ್ಕೊಂಡು ಬರ್ತೀನಿ. ಸಂಖ್ಯೆ ಬರೆಯೋಕೆ ಒಂದು ಪುಸ್ತಕ ತಾ, ಬಟ್ಟೆ ತರಬೇಡ."

"ಪುಸ್ತಕ ನಾನು ಕಟ್ಟಿ ಕೊಡ್ತೀನಿ," ಎಂದು ಗೋಡೆಯಾಚೆಯಿಂದ ಮಾವ ಕೂಗಿದರು.

ಪ್ರಾರ್ಥನೆಯ ಪುಸ್ತಕದ ಬೆನ್ನಿಗೆ ಹೊಸ ಪಟ್ಟಿಗಳು ಬಂದವು, ಹೊಸ ಬಟ್ಟೆ ಬಂತು. ಒಣಗಲೆಂದು ಚಿಕ್ಕತ್ತೆ ತಾವೇ ಇಸ್ತ್ರಿಪೆಟ್ಟಿಗೆಯನ್ನು ಬೆಚ್ಚಗಿಟ್ಟು, ತೆಳು ಬಟ್ಟೆ ಹಾಸಿ, ಮೇಲೆ ಮೇಲೆ ತೀಡಿ ಕೊಟ್ಟರು. "ಭಾವ, ಇದರಲ್ಲಿ ಇನ್ನೇನೂ ಬರೆದಿಲ್ಲ ತಾನೇ?" ಎಂದು ಮೂರು ಸಲ ಕೇಳಿದರು. ಐದೂಮುಕ್ಕಾಲಿಗೆ ಮಾವ ಪುಸ್ತಕವನ್ನು ಬಿಳಿ ಕಾಗದದಲ್ಲಿ ಸುತ್ತಿ, ಕೋಲು ಹಿಡಿದು, ಬಾಗಿಲು ದಾಟಿ ಬೀದಿಗಿಳಿದರು. ಹಿರಿಯರ ಮನೆಗೆ ಹೋಗಿ, ಎರಡು ಮಾತಾಡಿ ಬರಲು ಅರ್ಧ ಗಂಟೆ.

ಅವರ ಕೋಲಿನ ಸದ್ದು ತಿರುವಿನಲ್ಲಿ ಮರೆಯಾಗುವ ತನಕ ಚಿಕ್ಕತ್ತೆ ಮಿಷನ್ನು ತುಳಿಯುತ್ತಲೇ ಇದ್ದರು. ಆಮೇಲೆ ನಿಲ್ಲಿಸಿದರು.

"ಬಾರೇ ಇಲ್ಲಿ. ಆ ಚೀಲಗಳನ್ನ ಎತ್ತು."

"ಎಲ್ಲಿಗೆ?"

"ಎಲ್ಲಿಗಾದ್ರೂ. ಅಟ್ಟದ ಮೇಲೆ ಹಾಕು. ಮೂರು ವರ್ಷದಿಂದ ತುಂಡು ಬಟ್ಟೆ ಕೂಡಿಟ್ಟು ನಾನೇನು ಸಾಮ್ರಾಜ್ಯ ಕಟ್ಟಬೇಕಾ?"

ಅಟ್ಟ ಅರ್ಧಕ್ಕರ್ಧ ಖಾಲಿಯಿತ್ತು. ತಲೆ ಎತ್ತಿ ನೋಡಿದ್ದರೆ ಯಾವತ್ತೋ ಕಾಣುತ್ತಿತ್ತು. ಚೀಲಗಳು ಹೋದ ಮೇಲೆ ನೆಲದಲ್ಲಿ ನಾಲ್ಕು ತುಕ್ಕಿನ ಉಂಗುರಗಳು ಕಂಡವು. ಮೂರು ವರ್ಷದ ಧೂಳಿನ ಅಡಿಯಲ್ಲಿ ಒಂದಿಷ್ಟೂ ಅಳಿಸದೆ, ಆಚೀಚೆ ಸರಿಯದೆ ಇದ್ದವು. ಸೊಸೆ ಅವುಗಳನ್ನು ನೋಡಿದಳು, ಚಿಕ್ಕತ್ತೆಯ ಮುಖ ನೋಡಿದಳು, ಸ್ಪ್ಯಾನರ್ ತರಲು ಹೋದಳು.

ಬೋಲ್ಟು ಸಡಿಲಿಸಿ, ಒಂದು ತುದಿ ಅವಳು, ಒಂದು ತುದಿ ಇವರು ಹಿಡಿದು, ಗೋಡೆಯನ್ನು ಗೇಣು ಗೇಣಾಗಿ ಈಚೆಗೆ ನಡೆಸಿಕೊಂಡು ಬಂದರು. ನಾಲ್ಕು ಕಾಲೂ ನಾಲ್ಕು ಉಂಗುರಗಳ ಮೇಲೆ ಕೂತಾಗ ಚಿಕ್ಕತ್ತೆ ಮೊಣಕಾಲೂರಿ ಬಗ್ಗಿ, ಒಂದೊಂದನ್ನೂ ಬೆರಳಿನಿಂದ ಸುತ್ತ ತಡವಿ ನೋಡಿದರು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬೋಲ್ಟು ಬಿಗಿ ಮಾಡಿದರು. ಆಚೆ ಹೋಗಿ, ಹೊಸದಾಗಿ ಬಯಲಾದ ಒಂದೂವರೆ ಟೈಲಿನ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಒತ್ತುಹಲಗೆಯ ಮೇಜಿನ ಅಡಿಗೆ ತೂರಿಕೊಂಡಿದ್ದ ಮಾವನ ಕುರ್ಚಿಯನ್ನು ಎಳೆದು, ನಾಲ್ಕೂ ಕಾಲು ಬಯಲಲ್ಲಿ ಊರುವಂತೆ ಇಟ್ಟರು.

ಬೀದಿಯ ತಿರುವಿನಲ್ಲಿ ಕೋಲಿನ ಸದ್ದು ಕೇಳಿಸಿತು. ಚಿಕ್ಕತ್ತೆ ತಮ್ಮ ಕಡೆ ಬಂದು ಕೂತು, ಸೂಜಿಗೆ ದಾರ ಪೋಣಿಸಿ, ಏನೂ ಆಗದವರ ಹಾಗೆ ಮಿಷನ್ನು ತುಳಿಯತೊಡಗಿದರು.